ನಲವತ್ತು ಗಡ್ಡದ ಗುಡ್ಡ

“ಗುರುಗಳೇ, ಬಿಡುವುದಕ್ಕೆ ಪ್ರಾಣಕ್ಕಿಂತ ದೊಡ್ಡದು ಏನಾದರೂ ಇದೆಯೇ?”

ಹೀಗೆ ಕೇಳಿದವನು ಅಡಿವೆಯ್ಯ ಎಂಬ ಶಿಷ್ಯ. ಅವನು ಮಠಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ಬಂದ ವರ್ಷ ಉಪ್ಪು ಬಿಟ್ಟ. ಮರುವರ್ಷ ಹಾಸಿಗೆ ಬಿಟ್ಟ. ಅದರ ಮರುವರ್ಷ ಕಾಲಿಗೆ ಮೆಟ್ಟುವುದನ್ನು ಬಿಟ್ಟ. ಈಗ ಬಿಡುವುದಕ್ಕೆ ಹೆಚ್ಚೇನೂ ಉಳಿದಿರಲಿಲ್ಲವಾದ್ದರಿಂದ ಯೋಚನೆ ಪ್ರಾಣದ ಕಡೆಗೆ ಹೊರಳಿತ್ತು.

ಗುರುಗಳು ಮುಪ್ಪಿನಯ್ಯನವರು. ಜ್ಞಾನದಲ್ಲಿ ಅವರಿಗೆ ಸರಿಸಾಟಿಯಾದವರು ಆ ಸೀಮೆಯಲ್ಲಿರಲಿಲ್ಲ. ಬಡಾಯಿಯಲ್ಲಂತೂ ಯಾವ ಸೀಮೆಯಲ್ಲೂ ಇರಲಿಲ್ಲ. ತಾವು ಹುಟ್ಟಿದ ದಿನ ಸೂಲಗಿತ್ತಿಗೆ ನೀರು ಕಾಯಿಸಿಕೊಟ್ಟವರು ತಾವೇ ಎಂದು ಅವರು ನಗದೆ ಹೇಳಬಲ್ಲವರಾಗಿದ್ದರು. ಕೇಳಿದವರೂ ನಗದೆ ಕೇಳಬೇಕಾಗಿತ್ತು.

“ಇದೆ,” ಎಂದರು ಗುರುಗಳು. “ಅದಕ್ಕೊಂದು ಕತೆಯೂ ಇದೆ. ನನಗೆ ಇದನ್ನು ಹೇಳಿದ್ದು ಆ ಯುದ್ಧದಲ್ಲಿ ನೀರು ಹೊತ್ತ ಒಂದು ಹೇಸರಗತ್ತೆ. ಅದು ಆಯುಷ್ಯದಲ್ಲಿ ಒಂದು ಸುಳ್ಳೂ ಹೇಳಿದ ಪ್ರಾಣಿಯಲ್ಲ. ಹಾಗಾಗಿ ನಡುವೆ ಬಾಯಿ ಹಾಕಬೇಡ.”

ಶಿಷ್ಯ ಕಾಲು ಮಡಿಸಿ ಕುಳಿತ. ಗುರುಗಳು ಹೇಳಿದರು.

ಲೋಕದ ಅರ್ಧ ದೇಶಗಳು ಉಳಿದರ್ಧ ದೇಶಗಳ ಮೇಲೆ ಬಿದ್ದ ಒಂದು ಮಹಾಯುದ್ಧ ನಡೆದಿತ್ತು. ವರ್ಷಗಟ್ಟಲೆ ನಡೆದು ಯುದ್ಧಕ್ಕೇ ಬೇಸರವಾಗಿತ್ತು. ಇನ್ನೇನು ಮುಗಿಯುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಯಾವತ್ತು ಎಂದು ಯಾರಿಗೂ ಗೊತ್ತಿರಲಿಲ್ಲ. ಆ ಕೊನೆಯ ದಿನಗಳಲ್ಲಿ ಒಂದು ತುಕಡಿ ಒಂದು ಗುಡ್ಡದ ಮೇಲೆ ಸಿಕ್ಕಿಕೊಂಡಿತು. ಯಾವ ದೇಶದ ತುಕಡಿ ಎಂದು ಕೇಳಬೇಡ. ಗಡ್ಡಕ್ಕೆ ದೇಶವಿಲ್ಲ. ಇದು ಗಡ್ಡದ ಕತೆ.

ಗುಡ್ಡ ಹತ್ತಿದವರು ಇನ್ನೂರು ಜನ. ಉಳಿದವರು ನಲವತ್ತು. ಕೆಳಗೆ ಸುತ್ತುಗಟ್ಟಿ ನಿಂತ ಶತ್ರುಗಳು ನಾಲ್ಕು ಸಾವಿರ. ಹೇಸರಗತ್ತೆ ನನಗೆ ನಾಲ್ಕು ಲಕ್ಷ ಎಂದೇ ಹೇಳಿತು. ಆದರೆ ಅದು ಆಗ ಹೆದರಿತ್ತು, ನಾನು ಸ್ವಲ್ಪ ಕಡಿಮೆ ಮಾಡಿ ಹೇಳುತ್ತಿದ್ದೇನೆ.

“ಕೊನೆಯ ಮನುಷ್ಯನಿರುವವರೆಗೆ ಗುಡ್ಡ ಬಿಡಕೂಡದು” ಎಂದು ಮೇಲಿನವರ ಅಪ್ಪಣೆ ಬಂದಿತ್ತು. ಅಷ್ಟು ಹೇಳಿ ವಯರ್‌ಲೆಸ್ ಯಂತ್ರ ತಾನೇ ಮೊದಲು ಪ್ರಾಣ ಬಿಟ್ಟಿತು. ಆಮೇಲೆ ಆ ಗುಡ್ಡಕ್ಕೆ ಲೋಕದ ಸುದ್ದಿ ಬರಲಿಲ್ಲ.

ತುಕಡಿಗೆ ಒಬ್ಬ ಕ್ಯಾಪ್ಟನ್ ಇದ್ದ. ಅವನ ಮೀಸೆ ಇಡೀ ಸೈನ್ಯದಲ್ಲಿ ಹೆಸರಾದದ್ದು. ಒಂದೊಂದು ತುದಿಯ ಮೇಲೆ ಒಂದೊಂದು ನಿಂಬೆಹಣ್ಣು ನಿಲ್ಲುತ್ತಿತ್ತು. ಮುತ್ತಿಗೆಯಲ್ಲಿ ನಿಂಬೆಹಣ್ಣು ತಿಂದು ಮುಗಿದಿತ್ತು, ಮೀಸೆ ಉಳಿದಿತ್ತು.

ಒಬ್ಬ ಹವಾಲ್ದಾರ ಇದ್ದ. ಅವನು ಸಾಯುವುದಕ್ಕೆ ತುದಿಗಾಲಲ್ಲಿ ನಿಂತವನು. ತನ್ನ ಊರಿನ ಚಾವಡಿಯ ಎದುರು ಕಲ್ಲು ನಿಲ್ಲಿಸಿ ಅದರ ಮೇಲೆ ತನ್ನ ಹೆಸರು ಕೊರೆಯುತ್ತಾರೆ ಎಂದು ಅವನಿಗೆ ಖಾತ್ರಿಯಿತ್ತು. ಕಲ್ಲು ಯಾವ ಬಣ್ಣದ್ದು ಎಂಬುದನ್ನೂ ಯೋಚಿಸಿಟ್ಟಿದ್ದ.

ಮತ್ತೆ ಒಬ್ಬ ಕ್ಷೌರಿಕ ಇದ್ದ. ಕತೆ ಇವನದು.

ಇವನ ಕೈ ಎಷ್ಟು ಬೇಗ ಎಂದರೆ, ಕ್ಷೌರ ಮುಗಿದ ಮೇಲೂ “ಯಾವಾಗಪ್ಪಾ ಶುರು ಮಾಡುತ್ತೀಯಾ?” ಎಂದು ಕೇಳುತ್ತಾ ಕುಳಿತವರಿದ್ದರು. ಒಮ್ಮೆ ಒಬ್ಬ ಜನರಲ್ ಆಕಳಿಸುವುದಕ್ಕೆ ಬಾಯಿ ತೆರೆದಾಗ ಕತ್ತಿ ಹಚ್ಚಿದವನು, ಬಾಯಿ ಮುಚ್ಚುವುದರೊಳಗೆ ಎರಡೂ ಕೆನ್ನೆ ಮುಗಿಸಿ ಪಟಿಕದ ಕಲ್ಲು ಸವರಿದ್ದನಂತೆ. ಒಂದು ಗಾಯವಿಲ್ಲ, ಒಂದು ಗೀರಿಲ್ಲ. ಸೈನ್ಯದಲ್ಲಿ ಎಲ್ಲರೂ ಅವನನ್ನು ಮಿಂಚು ಎಂದೇ ಕರೆಯುತ್ತಿದ್ದರು. ಆ ಜನರಲ್ ಮೆಚ್ಚಿ ಒಂದು ಮಾತು ಕೊಟ್ಟಿದ್ದ: ಯುದ್ಧ ಮುಗಿದ ಮೇಲೆ ರಾಜಧಾನಿಯ ರೈಲು ನಿಲ್ದಾಣದಲ್ಲಿ ಕ್ಷೌರದ ಅಂಗಡಿ ನಿನಗೆ. ರೈಲು ಹಿಡಿಯುವವರಿಗೆ ಬೇಕಾದ್ದು ಇಂಥದೇ ಕೈ.

ಕ್ಷೌರಿಕನಿಗೆ ಹೊಲವಿರಲಿಲ್ಲ, ಮನೆಯಿರಲಿಲ್ಲ. ಇದ್ದದ್ದು ಆ ಕೈ, ಆ ಕೈಗೆ ಬಂದ ಕೀರ್ತಿ, ಆ ಕೀರ್ತಿಗೆ ಬರಬೇಕಾದ ಅಂಗಡಿ. ಕುರ್ಚಿ ಯಾವ ಗೋಡೆಗೆ, ಕನ್ನಡಿ ಯಾವ ಗೋಡೆಗೆ ಎಂದು ಅವನು ದಿನಾ ಒಮ್ಮೆ ಮನಸ್ಸಿನಲ್ಲೇ ಜೋಡಿಸಿ ನೋಡುತ್ತಿದ್ದ.

ಒಂದು ಭಾನುವಾರ ಸಂಜೆ ಕ್ಯಾಪ್ಟನ್ ಎಲ್ಲರನ್ನೂ ಸೇರಿಸಿದ.

“ಹಿಟ್ಟು ಮುಗಿಯುತ್ತಾ ಬಂತು. ಗುಂಡು ಒಬ್ಬೊಬ್ಬರಿಗೆ ಐದೈದು ಉಳಿದಿವೆ. ಇಲ್ಲಿ ಕೂತು ಹಸಿವಿನಿಂದ ಸಾಯುವುದಕ್ಕಿಂತ ಇಳಿದು ಸಾಯೋಣ. ನಾಳೆ ಎಲ್ಲರೂ ಕ್ಷೌರ ಮಾಡಿಸಿಕೊಳ್ಳಿ. ನಾನು ಕೊನೆಗೆ ಕೂರುತ್ತೇನೆ. ನನ್ನದು ಮುಗಿದ ಕೂಡಲೇ ಇಳಿಯುವುದು.”

ಕ್ಷೌರ ಏಕೆಂದರೆ, ಅದು ಆ ತುಕಡಿಯ ರೂಢಿ. ಅವರ ಅಜ್ಜಂದಿರ ಕಾಲದಿಂದಲೂ ಆ ತುಕಡಿಯಲ್ಲಿ ಯಾರೂ ಗಡ್ಡ ಬಿಟ್ಟುಕೊಂಡು ಸತ್ತಿರಲಿಲ್ಲ. ಹೆಣ ಶತ್ರುವಿನ ಕೈಗೆ ಸಿಕ್ಕಾಗ, ಪಾಪ ಇವರು ಸೋತು ಸೊರಗಿದ್ದರು ಎಂದು ಅವನಿಗೆ ಅನ್ನಿಸಬಾರದು. ಸತ್ತರೂ ಮದುಮಗನ ಹಾಗೆ ಕಾಣಬೇಕು. ಮುತ್ತಿಗೆ ಬಿದ್ದು ಹದಿನೆಂಟು ದಿನವಾಗಿತ್ತು. ನಲವತ್ತು ಮುಖದ ಮೇಲೂ ಕಾಡು ಬೆಳೆದಿತ್ತು.

ಹವಾಲ್ದಾರ ಕೈ ಉಜ್ಜಿಕೊಂಡ. “ನಮ್ಮ ಮಿಂಚು ಇದ್ದಾನಲ್ಲ, ಸಾಹೇಬರೇ. ನಾಳೆ ಬಿಸಿಲೇರುವ ಮೊದಲೇ ಎಲ್ಲರೂ ಸತ್ತು ಮುಗಿಸಬಹುದು.”

ಕ್ಯಾಪ್ಟನ್ ಕ್ಷೌರಿಕನ ಕಡೆ ತಿರುಗಿ ಹೇಳಿದ: “ನೀನು ಸಿಪಾಯಿಯಲ್ಲ. ನೀನು ಇಳಿಯಬೇಕಾಗಿಲ್ಲ. ಹೇಸರಗತ್ತೆಯ ಪಕ್ಕ ಕೈ ಎತ್ತಿ ಕೂತಿರು. ಅವರು ನಿನ್ನನ್ನು ಕೊಲ್ಲುವುದಿಲ್ಲ.”

ಕ್ಷೌರಿಕ ತಲೆ ಆಡಿಸಿದ. ತನ್ನ ಜೀವಕ್ಕೆ ಅಪಾಯವಿಲ್ಲ ಎಂದು ಅವನಿಗೆ ಗೊತ್ತಾಯಿತು. ಇದನ್ನು ನೆನಪಿಟ್ಟುಕೋ ತಮ್ಮಾ, ಮುಂದೆ ನಡೆದದ್ದರಲ್ಲಿ ಅವನು ಉಳಿಸಬೇಕಾದ ಪ್ರಾಣ ಅವನದಾಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಒಂದು ಪೆಟ್ಟಿಗೆಯನ್ನು ಬೋರಲು ಹಾಕಿ ಪೀಠ ಮಾಡಿದರು. ಮೊದಲನೆಯವನು ಬಂದು ಕುಳಿತ. ಕ್ಷೌರಿಕ ನೊರೆ ಹಚ್ಚಿದ, ಕತ್ತಿ ಬಿಚ್ಚಿದ, ಗದ್ದ ಹಿಡಿದು ಮೇಲೆತ್ತಿದ. ಎತ್ತಿದ ಗದ್ದ ಬೆಚ್ಚಗಿತ್ತು. ಅದರ ಹಿಂದೆ ಸಾಲಿನಲ್ಲಿ ಮೂವತ್ತೊಂಬತ್ತು ಗದ್ದಗಳು ನಿಂತಿದ್ದವು. ಈ ಕೈಯನ್ನು ಅದರ ಪಾಡಿಗೆ ಬಿಟ್ಟರೆ ನಲವತ್ತು ಮುಖಕ್ಕೆ ಎಷ್ಟು ಹೊತ್ತು ಬೇಕು ಎಂದು ಅವನು ಯೋಚಿಸಿದ. ಒಂದು ಲೋಟ ಚಹಾ ಆರುವಷ್ಟು ಹೊತ್ತು. ಅದಾದ ಮೇಲೆ ಈ ಗದ್ದಗಳು ಒಂದೂ ಬೆಚ್ಚಗಿರುವುದಿಲ್ಲ.

ತನ್ನ ಕೈ ಕಂಡು ಅವನಿಗೆ ಮೊದಲ ಸಲ ಹೆದರಿಕೆಯಾಯಿತು.

ಅವನು ಕತ್ತಿ ಮಡಿಸಿದ. ಚರ್ಮದ ಪಟ್ಟಿ ತೆಗೆದು ಕತ್ತಿಯನ್ನು ಮಸೆಯತೊಡಗಿದ. ಮಸೆದ, ಉಗುರಿನ ಮೇಲೆ ನೋಡಿದ, ಮತ್ತೆ ಮಸೆದ. ಹಚ್ಚಿದ ನೊರೆ ಒಣಗಿತು. ತೊಳೆದು ಮತ್ತೆ ಹಚ್ಚಿದ. ಆಮೇಲೆ ಒಂದು ಎಳೆತ ಎಳೆದು ನಿಂತ.

“ಏನಾಯಿತು?” ಎಂದ ಕುಳಿತವನು.

“ನಿಮ್ಮ ಕೂದಲು ಸುಳಿ ತಿರುಗಿದೆ. ನಿಮ್ಮ ತಂದೆಯವರದೂ ಹೀಗೆಯೇ ಇತ್ತೇ?”

ಕುಳಿತವನಿಗೆ ತಂದೆಯ ನೆನಪಾಯಿತು. ತಂದೆಯಿಂದ ತಾಯಿ, ತಾಯಿಯಿಂದ ತಂಗಿ, ತಂಗಿಯಿಂದ ಮನೆಯ ಹಿಂದಿನ ನುಗ್ಗೇಮರ. ಕ್ಷೌರಿಕ ಹ್ಞೂಂ ಹ್ಞೂಂ ಎನ್ನುತ್ತಾ ಕೇಳಿದ. ನುಗ್ಗೇಮರದಲ್ಲಿ ಎಷ್ಟು ಕೊಂಬೆ ಎಂದೂ ಕೇಳಿದ.

ಒಂದು ಕಷ್ಟ ಬಂತು. ವೇಗವೊಂದನ್ನೇ ಕಲಿತ ಆ ಕೈಗೆ ನಿಧಾನ ಬರುತ್ತಿರಲಿಲ್ಲ. ಸರಕ್ಕನೆ ಎಳೆದರೆ ಹೂವಿನ ಹಾಗೆ ಹೋಗುವ ಕತ್ತಿ, ಮೆಲ್ಲಗೆ ಎಳೆದರೆ ಕಚ್ಚುತ್ತಿತ್ತು. ಹುಟ್ಟಿದಾಗಿನಿಂದ ಒಬ್ಬರ ಮುಖದಲ್ಲೂ ರಕ್ತ ಕಾಣದಿದ್ದ ಕ್ಷೌರಿಕ ಅಂದು ಇಪ್ಪತ್ತು ಮುಖಗಳನ್ನು ಗೀರಿದ. ಹೊಟ್ಟೆಗೆ ಗುಂಡು ಬಿದ್ದಾಗ ತುಟಿ ಕಚ್ಚಿಕೊಂಡು ಸುಮ್ಮನಿದ್ದವರು ಇಷ್ಟೇ ಇಷ್ಟು ಗೀರಿಗೆ “ಅಯ್ಯಪ್ಪಾ” ಎಂದು ಎದ್ದು ಕುಣಿದರು. ಕತ್ತನ್ನೇ ಕೊಡಲು ಹೊರಟವರು, ಗದ್ದ ಕೊಡಲು ಹಿಂದೆಮುಂದೆ ನೋಡಿದರು.

ಇಪ್ಪತ್ತು ಮುಗಿಯುವಾಗ ಹೊತ್ತು ಮುಳುಗಿತು. ದೀಪ ಹಚ್ಚುವ ಹೊತ್ತಿನ ಮೇಲೆ ಕ್ಷೌರ ಮಾಡಬಾರದು. ದೀಪ ಹಚ್ಚಲು ಗುಡ್ಡದ ಮೇಲೆ ಎಣ್ಣೆ ಇರಲಿಲ್ಲ, ಆದರೆ ಹೊತ್ತು ಇತ್ತು. ಕ್ಷೌರಿಕ ಕತ್ತಿ ತೊಳೆದಿಟ್ಟ. ಯಾರೂ ಬೇಡ ಎನ್ನಲಿಲ್ಲ.

“ನಾಳೆ ಬೆಳಿಗ್ಗೆಯೇ ಕೂತುಬಿಡು,” ಎಂದ ಹವಾಲ್ದಾರ. “ಇವತ್ತು ನಿನ್ನ ಕೈಗೆ ಏನಾಗಿದೆ? ಅದಕ್ಕೆ ಎಮ್ಮೆ ಕಟ್ಟಿಕೊಂಡಿದ್ದೀಯಾ?”

ಮಾರನೆಯ ಬೆಳಿಗ್ಗೆ ಕ್ಷೌರಿಕ ಪೆಟ್ಟಿಗೆಯ ಪಕ್ಕ ನಿಂತ. ಕೂರಲು ಯಾರೂ ಬರಲಿಲ್ಲ. ಕ್ಯಾಪ್ಟನ್ ಬಂದು ಏಕೆ ಎಂದು ಕೇಳಿದ. ಸಿಪಾಯಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಒಬ್ಬ ಹೇಳಿದ:

“ಇವತ್ತು ಮಂಗಳವಾರ, ಸಾಹೇಬರೇ.”

“ಆದರೇನು?”

“ಮಂಗಳವಾರ ಕ್ಷೌರ ಮಾಡಿಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ.”

ಯಾರೂ ನಗಲಿಲ್ಲ. ಕ್ಯಾಪ್ಟನ್ನನ ಕೈ ತಾನಾಗಿ ತನ್ನ ಗದ್ದದ ಮೇಲೆ ಹೋಯಿತು. ಅವನನ್ನೂ ಹೆತ್ತವಳು ಒಬ್ಬ ತಾಯಿ. ಅವಳೂ ಮಂಗಳವಾರ ಮನೆಯಲ್ಲಿ ಕತ್ತಿ ಮುಟ್ಟಲು ಬಿಟ್ಟವಳಲ್ಲ. ಅವನು ಹವಾಲ್ದಾರನ ಕಡೆ ನೋಡಿದ. ಎಲ್ಲರಿಗಿಂತ ಮೊದಲು ಸಾಯಬೇಕೆಂದಿದ್ದ ಹವಾಲ್ದಾರ ಗಂಭೀರವಾಗಿ ತಲೆ ಆಡಿಸಿದ.

“ಅದು ಒಳ್ಳೆಯದಲ್ಲ, ಸಾಹೇಬರೇ. ಸುಮ್ಮನೆ ಏಕೆ ಬೇಕು? ಒಂದು ದಿನದಲ್ಲಿ ಏನಾಗುತ್ತದೆ?”

ಹೀಗೆ ಮಂಗಳವಾರ ನಲವತ್ತು ಜನರೂ ಬದುಕಿದರು. ಕ್ಷೌರಿಕ ದಿನವಿಡೀ ಬೆನ್ನು ತಿರುಗಿಸಿ ಕುಳಿತು ಕತ್ತಿ ಮಸೆದ. ಅವನು ಅಂದು ಏನು ಯೋಚಿಸಿದ ಎಂದು ಹೇಸರಗತ್ತೆಗೂ ಗೊತ್ತಿಲ್ಲ. ಮನಸ್ಸಿನಲ್ಲಿ ಕುರ್ಚಿ, ಕನ್ನಡಿ ಜೋಡಿಸಿ ನೋಡುವುದನ್ನು ಮಾತ್ರ ಅಂದು ಮಾಡಲಿಲ್ಲ.

ಕೆಳಗಿದ್ದವರು ಏನು ಮಾಡುತ್ತಿದ್ದರು ಎಂದು ನೀನು ಕೇಳಬಹುದು. ಕೇಳಬೇಡ, ನಾನೇ ಹೇಳುತ್ತೇನೆ. ಅವರಿಗೂ ಯುದ್ಧ ಮುಗಿಯುವ ವಾಸನೆ ಹತ್ತಿತ್ತು. ಕೊನೆಯ ದಿನ ಸಾಯುವುದಕ್ಕೆ ಯಾವ ಸೈನ್ಯದಲ್ಲೂ ಯಾರಿಗೂ ಇಷ್ಟವಿರುವುದಿಲ್ಲ. ಬೆಳಿಗ್ಗೆ ಆರು ಗುಂಡು, ಸಂಜೆ ಆರು ಗುಂಡು ಫಿರಂಗಿಯಿಂದ ಹಾರಿಸಿ, ಕೆಲಸ ಮಾಡಿದ್ದೇವೆ ಎಂದು ಬರೆದುಕೊಂಡು ಮಲಗುತ್ತಿದ್ದರು. ಅವರ ಅಧಿಕಾರಿ ದುರ್ಬೀನು ಹಿಡಿದು ನೋಡುತ್ತಿದ್ದ. ಗುಡ್ಡದ ಮೇಲೆ ಜನ ಸಾಲಾಗಿ ನಿಂತು, ಒಬ್ಬೊಬ್ಬರಾಗಿ ಕುಳಿತು, ಹಬ್ಬದ ಹಿಂದಿನ ದಿನದ ಹಾಗೆ ಸಾವಕಾಶವಾಗಿ ಕ್ಷೌರ ಮಾಡಿಸಿಕೊಳ್ಳುತ್ತಿದ್ದರು. ಇಷ್ಟು ಸಾವಕಾಶ ಇರುವವರಿಗೆ ಸಹಾಯಕ್ಕೆ ದೊಡ್ಡ ಸೈನ್ಯ ಬರುತ್ತಿರಬೇಕು ಎಂದು ಅವನು ತಿಳಿದ. ಮೇಲೆ ಹತ್ತುವುದು ಬೇಡ ಎಂದ.

ಬುಧವಾರ ಮತ್ತೆ ಕ್ಷೌರ ಶುರುವಾಯಿತು. ಅಷ್ಟು ಹೊತ್ತಿಗೆ ಸಿಪಾಯಿಗಳಿಗೆ ಬೇಸರ ಬಂದಿತ್ತು. ಸಾವಿಗೆ ಮನಸ್ಸು ಗಟ್ಟಿ ಮಾಡಿಕೊಂಡು ಸಾಲಿನಲ್ಲಿ ನಿಂತವನನ್ನು ನಿಲ್ಲಿಸಿಯೇ ಇಟ್ಟರೆ ಮೊದಲು ನೋಯುವುದು ಕಾಲು. ಕಾಲು ನೋಯತೊಡಗಿದ ಮೇಲೆ ಬೈಗುಳ ಶುರುವಾಯಿತು.

“ಏ ಮಿಂಚು, ನಿನಗೆ ಆ ಹೆಸರಿಟ್ಟವನು ಎಂದಾದರೂ ಮಳೆಗಾಲ ನೋಡಿದ್ದನೇನೋ?”

“ಇವನ ಕೈಯಲ್ಲಿ ಈ ಕೆನ್ನೆ ಮುಗಿಯುವಾಗ ಆ ಕೆನ್ನೆ ಮತ್ತೆ ಬೆಳೆದಿರುತ್ತದೆ.”

“ಮಿಂಚಲ್ಲ ಕಣ್ರಪ್ಪಾ, ಬಸವನಹುಳು.”

ಕೊನೆಯ ಮಾತು ಹವಾಲ್ದಾರನದು. ಎಲ್ಲರೂ ನಕ್ಕರು. ಮುತ್ತಿಗೆ ಬಿದ್ದ ಮೇಲೆ ಆ ಗುಡ್ಡದಲ್ಲಿ ನಗು ಕೇಳಿದ್ದು ಅದೇ ಮೊದಲು. ಅಂದಿನಿಂದ ಕ್ಷೌರಿಕನ ಹೆಸರು ಹುಳು ಎಂದಾಯಿತು. ಅವನು ಒಂದು ಮಾತು ಆಡಬಹುದಾಗಿತ್ತು. ಮಾತೂ ಬೇಡ, ಒಂದೇ ಒಂದು ಕೆನ್ನೆಯ ಮೇಲೆ ಕತ್ತಿಯನ್ನು ಅದರ ಪಾಡಿಗೆ ಬಿಟ್ಟಿದ್ದರೆ ಸಾಕಾಗಿತ್ತು, ಎಲ್ಲರ ಬಾಯೂ ಮುಚ್ಚುತ್ತಿತ್ತು. ಅವನ ಕೈ ಅದಕ್ಕೆ ತುಡಿಯುತ್ತಲೂ ಇತ್ತು. ಅವನು ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡ. ಹವಾಲ್ದಾರ ಪೆಟ್ಟಿಗೆಯ ಮೇಲೆ ಕುಳಿತಾಗ ಕ್ಷೌರಿಕ ಎಲ್ಲರಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡ. ಹವಾಲ್ದಾರನ ಕಿವಿಯ ಹತ್ತಿರ ಒಂದು ಗೀರು ಬಿತ್ತು. ಅದು ಬೇಕೆಂದು ಮಾಡಿದ್ದೋ ಕೈತಪ್ಪಿ ಆದದ್ದೋ, ಅದರ ಬಗ್ಗೆ ಬೇರೆ ಬೇರೆ ಅಭಿಪ್ರಾಯಗಳಿವೆ.

ಬುಧವಾರದ ಹೊತ್ತು ಮುಳುಗುವಾಗ ಮೂವತ್ತೊಂಬತ್ತು ಮುಗಿದಿತ್ತು. ಉಳಿದದ್ದು ಒಂದೇ ಗಡ್ಡ, ಕ್ಯಾಪ್ಟನ್ನನದು.

ಗುರುವಾರ ಬೆಳಿಗ್ಗೆ ಎಲ್ಲರೂ ಬಂದೂಕಿನ ತುದಿಗೆ ಬಾಕು ಸಿಕ್ಕಿಸಿಕೊಂಡು ಇಳಿಜಾರಿನ ಅಂಚಿನಲ್ಲಿ ಸಾಲಾಗಿ ನಿಂತರು. ಮೂವತ್ತೊಂಬತ್ತು ನುಣುಪಾದ ಮುಖಗಳು, ಪ್ರತಿಯೊಂದರ ಮೇಲೂ ಪಟಿಕದ ಬಿಳಿ ಗುರುತು. ಕ್ಯಾಪ್ಟನ್ ಬಂದು ಪೆಟ್ಟಿಗೆಯ ಮೇಲೆ ಕುಳಿತ. ಕ್ಷೌರಿಕ ನೊರೆ ಹಚ್ಚಿ ಪಟ್ಟಿ ತೆಗೆದು ಮಸೆಯತೊಡಗಿದ. ಮಸೆದು ಮಸೆದು ಕತ್ತಿ ಅರ್ಧ ಸವೆದಿತ್ತು.

ಕ್ಯಾಪ್ಟನ್ ಆ ಸವೆದ ಕತ್ತಿಯನ್ನು ದಿಟ್ಟಿಸಿದ. ಆಮೇಲೆ ಬೇರೆಯವರಿಗೆ ಕೇಳದ ಹಾಗೆ ಹೇಳಿದ:

“ಹಿಂದೆ ನಾನು ಒಂದು ಲೋಟ ಚಹಾ ಕುಡಿಯುವುದರೊಳಗೆ ನೀನು ಇಡೀ ಸಾಲು ಮುಗಿಸುತ್ತಿದ್ದೆ.”

“ಆಗ ಅವರು ರಜೆಗೆ ಊರಿಗೆ ಹೊರಟವರಾಗಿದ್ದರು, ಸಾಹೇಬರೇ,” ಎಂದ ಕ್ಷೌರಿಕ.

ಕತ್ತಿ ಪಟ್ಟಿಯ ಮೇಲೆ ಹೋಯಿತು, ಬಂತು. ಕ್ಯಾಪ್ಟನ್ ಇಳಿಜಾರಿನ ಅಂಚಿನಲ್ಲಿ ನಿಂತವರ ಬೆನ್ನುಗಳನ್ನು ನೋಡಿದ. ಅವನು ಅಪ್ಪಣೆ ಕೊಟ್ಟವನು. ಕೊಟ್ಟ ಅಪ್ಪಣೆ ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಅವನಿಗೆ ಗೊತ್ತಿರಲಿಲ್ಲ. ಅದನ್ನು ಯಾವ ಸೈನ್ಯದಲ್ಲೂ ಕಲಿಸುವುದಿಲ್ಲ. ಅವನು ಗದ್ದ ಮೇಲೆತ್ತಿದ.

“ಗಡ್ಡ ಆದ ಮೇಲೆ ಮೀಸೆಯನ್ನೂ ನೋಡು,” ಎಂದ. “ಎರಡು ತುದಿಯೂ ಸಮ ಇರಬೇಕು. ನನಗೆ ಅವಸರವಿಲ್ಲ.”

ಕ್ಷೌರಿಕ ಗಡ್ಡ ತೆಗೆದ. ಆಮೇಲೆ ಕತ್ತರಿ ಹಿಡಿದು ಮೀಸೆಯ ಎಡತುದಿಯನ್ನು ಕೂದಲೆಳೆಯಷ್ಟು ಕತ್ತರಿಸಿದ. ಕ್ಯಾಪ್ಟನ್ ಕನ್ನಡಿ ಹಿಡಿದು ನೋಡಿ, “ಬಲತುದಿ ಉದ್ದವಾಯಿತು,” ಎಂದ. ಕ್ಷೌರಿಕ ಬಲತುದಿ ಕತ್ತರಿಸಿದ. “ಈಗ ಎಡ ಉದ್ದ,” ಎಂದ ಕ್ಯಾಪ್ಟನ್. ಹೀಗೆ ಎಡ, ಬಲ, ಎಡ, ಬಲ. ನಿಂಬೆಹಣ್ಣು ನಿಲ್ಲುತ್ತಿದ್ದ ಮೀಸೆಯ ಮೇಲೆ ಮೊದಲು ನೆಲ್ಲಿಕಾಯಿ ನಿಲ್ಲುವಷ್ಟಾಯಿತು. ಆಮೇಲೆ ಕಡಲೆಕಾಳು. ಆಮೇಲೆ ಸಾಸಿವೆ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಕ್ಯಾಪ್ಟನ್ನನ ಮೂಗಿನ ಕೆಳಗೆ ನೊಣ ಕೂತ ಹಾಗೆ ಸ್ವಲ್ಪ ಕಪ್ಪು ಉಳಿದಿತ್ತು.

“ಬಲ ಇನ್ನೂ ಸ್ವಲ್ಪ,” ಎಂದ ಕ್ಯಾಪ್ಟನ್.

ಇಳಿಜಾರಿನಿಂದ ಹವಾಲ್ದಾರ ಕೂಗಿದ: “ಸಾಹೇಬರೇ, ಆ ಹುಳುವಿನ ಕೈಯಿಂದ ಏಳಿ. ಅವನು ಇನ್ನು ಹುಬ್ಬಿಗೆ ಬರುತ್ತಾನೆ.”

ಆಗ ಕೆಳಗಿನಿಂದ ಒಬ್ಬ ಮನುಷ್ಯ ಹತ್ತಿ ಬರುವುದು ಕಾಣಿಸಿತು. ಬಂದೂಕಿಲ್ಲ. ಒಂದು ಕೈಯಲ್ಲಿ ಬಿಳಿಯ ಬಾವುಟ, ಇನ್ನೊಂದು ಕೈಯಲ್ಲಿ ಒಂದು ಕಾಗದ. ಯುದ್ಧ ಹಿಂದಿನ ಸಂಜೆಯೇ ಮುಗಿದಿತ್ತು. ದೊಡ್ಡವರೆಲ್ಲ ಒಂದು ಮೇಜಿನ ಸುತ್ತ ಕುಳಿತು ರುಜು ಹಾಕಿ ಊಟಕ್ಕೆ ಎದ್ದಿದ್ದರು.

ಕ್ಯಾಪ್ಟನ್ ಕಾಗದ ಎರಡು ಸಲ ಓದಿದ. ಮಡಿಸಿ ಜೇಬಿಗಿಟ್ಟ. ಉಳಿದ ಆ ನೊಣದಷ್ಟು ಮೀಸೆಯನ್ನೂ ತೆಗೆಸಿಕೊಂಡು ಎದ್ದ. ನಲವತ್ತು ಜನ ಗುಡ್ಡ ಇಳಿದರು. ಒಬ್ಬನೂ ಸಾಯಲಿಲ್ಲ. ಇಳಿಯುವಾಗ ಹೇಸರಗತ್ತೆ ಒಮ್ಮೆ ಜಾರಿತು ಎನ್ನುವುದನ್ನು ಬಿಟ್ಟರೆ ಆ ದಿನದ ಯುದ್ಧದಲ್ಲಿ ಬೇರೆ ನಷ್ಟವಿಲ್ಲ.

ಕತೆ ಇಲ್ಲಿ ಮುಗಿಯಿತು ಎಂದು ಏಳಬೇಡ. ಏಳುವವರಿಗೆ ನಾನು ಕತೆ ಹೇಳುವುದಿಲ್ಲ.

ಸಿಪಾಯಿಗಳು ಊರಿಗೆ ಹೋದರು. ಹೋದವರಿಗೆ ಹೇಳಲು ಒಂದು ಕತೆ ಬೇಕು. ಗುಡ್ಡ ಹಿಡಿದು ನಿಂತ ಕತೆ ಹೇಳಿದರೆ ಜನ ಆಕಳಿಸುತ್ತಿದ್ದರು. ಆಗ ಎಲ್ಲರ ಮನೆಯಲ್ಲೂ ಅಂಥ ಕತೆ ಇತ್ತು. ನಲವತ್ತು ಮುಖಕ್ಕೆ ನಾಲ್ಕು ದಿನ ತೆಗೆದುಕೊಂಡ ಬಸವನಹುಳುವಿನ ಕತೆ ಹೇಳಿದರೆ ಬಿದ್ದು ಬಿದ್ದು ನಗುತ್ತಿದ್ದರು. ಎಲ್ಲರೂ ಅದನ್ನೇ ಹೇಳ ಹತ್ತಿದರು. ಹವಾಲ್ದಾರ ಅಭಿನಯ ಮಾಡಿ ತೋರಿಸುತ್ತಿದ್ದ. ಕತೆ ಊರಿಂದೂರಿಗೆ ಹೋಯಿತು, ರಾಜಧಾನಿಗೂ ಹೋಯಿತು. ಜನರಲ್ ಕೇಳಿ ನಕ್ಕ. ರೈಲು ನಿಲ್ದಾಣದ ಅಂಗಡಿಯನ್ನು ಬೇರೆಯವನಿಗೆ ಕೊಟ್ಟ. ರೈಲು ಯಾರಿಗೂ ಕಾಯುವುದಿಲ್ಲ, ಜನರಲ್‌ನದು ತಪ್ಪಲ್ಲ.

ಕ್ಷೌರಿಕ ಒಂದು ಸಣ್ಣ ಪೇಟೆಯಲ್ಲಿ, ಪಿಂಚಣಿ ಕಚೇರಿಯ ಎದುರು ಒಂದು ಕುರ್ಚಿ ಹಾಕಿಕೊಂಡ. ಅಲ್ಲಿಗೆ ಬರುವವರು ಹೇಗೂ ದಿನವಿಡೀ ಕಾಯುವವರು. ಅವಸರವಿದ್ದವರು ಅವನ ಹತ್ತಿರ ಬರುತ್ತಿರಲಿಲ್ಲ. ಹೊತ್ತು ಹೋಗದ ಮುದುಕರು ಬರುತ್ತಿದ್ದರು. ಅವನು ಒಂದೊಂದು ಮುಖಕ್ಕೆ ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದ.

ಯುದ್ಧ ಮುಗಿದಿತ್ತಲ್ಲ, ಇನ್ನೇಕೆ ನಿಧಾನ ಎಂದು ನಿನಗೆ ಅನ್ನಿಸಬಹುದು. ಯೋಚಿಸಿ ನೋಡು. ಅವನು ಒಂದು ದಿನ ಬೇಗ ಮಾಡಿದರೆ, ಆವತ್ತು ಗುಡ್ಡದ ಮೇಲೆ ಈ ಕೈ ಎಲ್ಲಿ ಹೋಗಿತ್ತು ಎಂದು ಯಾರಾದರೂ ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರ ಸಿಕ್ಕಿದ ದಿನ, ಸಾವಿಗೆ ಎದೆ ಕೊಟ್ಟು ನಿಂತ ನಲವತ್ತು ಜನ ಕ್ಷೌರದ ಕತ್ತಿಯ ಮರೆಯಲ್ಲಿ ಅಡಗಿ ಬದುಕಿದವರಾಗುತ್ತಾರೆ. ಅವರು ಅಡಗಿದವರಲ್ಲ. ನಿಜವಾಗಿಯೂ ಇಳಿಯಲು ನಿಂತವರು. ಅದನ್ನು ಕ್ಷೌರಿಕ ಕಣ್ಣಾರೆ ಕಂಡಿದ್ದ. ಆದ್ದರಿಂದ ನಿಧಾನವಾಗಿಯೇ ಇದ್ದ, ಮೂವತ್ತು ವರ್ಷ.

ಒಂದು ಸಲ ಕ್ಯಾಪ್ಟನ್ ಆ ಪೇಟೆಗೆ ಬಂದ. ಮೀಸೆ ಮೊದಲಿನ ಹಾಗೆಯೇ ಬೆಳೆದಿತ್ತು. ಮೀಸೆಗೆ ಆ ಗುಣವಿದೆ. ಅವನು ಕುರ್ಚಿಯಲ್ಲಿ ಕುಳಿತು, ಕಟ್ಟೆಯ ಮೇಲೆ ಕಾಯುತ್ತಿದ್ದ ಜನರನ್ನು ನೋಡಿ, ಮೆಲ್ಲಗೆ ಹೇಳಿದ: “ಇವರಿಗೆಲ್ಲ ನಾನು ಹೇಳಿಬಿಡುತ್ತೇನೆ. ನನಗೆ ತಡೆಯುವುದಕ್ಕೆ ಆಗುವುದಿಲ್ಲ.”

“ಗದ್ದ ಎತ್ತಿ, ಸಾಹೇಬರೇ,” ಎಂದ ಕ್ಷೌರಿಕ. ಎತ್ತಿದ ಗದ್ದದ ಕೆಳಗೆ ಕತ್ತಿ ಇಟ್ಟ. ಕತ್ತಿ ಗಂಟಲಿನ ಮೇಲಿರುವಾಗ ಯಾರೂ ಮಾತಾಡುವುದಿಲ್ಲ. ಅಂದು ಕ್ಯಾಪ್ಟನ್ನನ ಕ್ಷೌರಕ್ಕೆ ಮಧ್ಯಾಹ್ನದವರೆಗೆ ಹಿಡಿಯಿತು. ಮುಗಿಯುವಾಗ ಕಟ್ಟೆಯ ಮೇಲೆ ಯಾರೂ ಉಳಿದಿರಲಿಲ್ಲ.

ಹವಾಲ್ದಾರನೂ ಪಿಂಚಣಿಗೆ ಬರುತ್ತಿದ್ದ. ಹೊಟ್ಟೆ ಬಂದಿತ್ತು, ಕಿವಿಯ ಹತ್ತಿರ ಗೀರಿನ ಗುರುತು ಉಳಿದಿತ್ತು. ಬಂದಾಗಲೆಲ್ಲ ಕಟ್ಟೆಯ ಮೇಲೆ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದ:

“ಈ ಹುಳು ಇದ್ದಾನಲ್ಲ, ಇವನು ಒಂದೇ ಒಂದು ದಿನ ಬೇಗ ಮುಗಿಸಿದ್ದರೆ ನನ್ನ ಹೆಸರು ಕಲ್ಲಿನ ಮೇಲೆ ಇರುತ್ತಿತ್ತು. ಈಗ ನೋಡಿ, ಪಡಿತರ ಚೀಟಿಯ ಮೇಲಿದೆ.”

ಜನ ನಗುತ್ತಿದ್ದರು. ಕ್ಷೌರಿಕನೂ ನಗುತ್ತಿದ್ದ.

“ನಡುವಿನ ಮಗಳ ಮದುವೆ ಬರುವ ತಿಂಗಳು,” ಎಂದ ಹವಾಲ್ದಾರ ಒಮ್ಮೆ. “ನೀನು ಇವತ್ತೇ ಹೊರಡು ಮಾರಾಯಾ, ಊಟದ ಹೊತ್ತಿಗಾದರೂ ತಲುಪುತ್ತೀಯ.”

“ಬರುತ್ತೇನೆ ಹವಾಲ್ದಾರರೇ. ಮಗಳು ಚೆನ್ನಾಗಿರಲಿ.”

ಅವನು ಹೋದ. ಕೊನೆಯ ಪಂಕ್ತಿಯಲ್ಲಿ ಕುಳಿತು ಉಂಡು ಬಂದ. ಗುಡ್ಡದಿಂದ ಇಳಿದವರಲ್ಲಿ ಇಪ್ಪತ್ತೇಳು ಜನ ಆ ಮದುವೆಗೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಅವರೂ ಅವನನ್ನು ಹುಳು ಎಂದೇ ಮಾತಾಡಿಸಿದರು. ಅವರ ಮಕ್ಕಳೂ ಹಾಗೆಯೇ ಕರೆದವು.

ಅವನಿಗೆ ಒಂದೇ ಒಂದು ಚಟವಿತ್ತು. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವ ಮೊದಲು, ಚಿಲಕ ಹಾಕಿಕೊಂಡು, ಕನ್ನಡಿಯ ಮುಂದೆ ನಿಂತು ತನ್ನ ಮುಖಕ್ಕೆ ನೊರೆ ಹಚ್ಚಿಕೊಳ್ಳುತ್ತಿದ್ದ. ಕತ್ತಿ ಒಮ್ಮೆ ಹೊಳೆಯುತ್ತಿತ್ತು. ಒಂದು ಆಕಳಿಕೆಯಷ್ಟೂ ಹೊತ್ತಾಗುತ್ತಿರಲಿಲ್ಲ. ಒಂದು ಗೀರಿಲ್ಲ, ಒಂದು ಹನಿ ರಕ್ತವಿಲ್ಲ. ಆಮೇಲೆ ಮುಖ ಒರೆಸಿಕೊಂಡು, ಬಾಗಿಲು ತೆರೆದು, ಮೊದಲನೆಯ ಮುದುಕನನ್ನು ಕೂರಿಸಿ, ಪಟ್ಟಿಯ ಮೇಲೆ ಕತ್ತಿಯನ್ನು ಮೆಲ್ಲಗೆ ಮಸೆಯತೊಡಗುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಜಗುಲಿಯ ಅಂಚಿಗೆ ಬಿಸಿಲು ಬಂದಿತ್ತು. ಅಡಿವೆಯ್ಯ ಮಡಿಸಿದ್ದ ಕಾಲು ಬಿಡಿಸಿದ. ಹೇಸರಗತ್ತೆಯ ಬಗ್ಗೆ ಅವನಿಗೆ ಒಂದೆರಡು ಅನುಮಾನಗಳಿದ್ದವು. ಅವನ್ನು ಕೇಳಲಿಲ್ಲ. ಬೇರೆಯದನ್ನು ಕೇಳಿದ.

“ಗುರುಗಳೇ, ಸಾಯುವಾಗಲಾದರೂ ಅವನು ಒಬ್ಬರಿಗೆ ಹೇಳಿಕೊಳ್ಳಬಹುದಾಗಿತ್ತಲ್ಲ?”

“ಹೇಳಿಕೊಂಡಿದ್ದರೆ, ಬಿಟ್ಟದ್ದೆಲ್ಲ ಅವನಿಗೆ ವಾಪಸು ಸಿಕ್ಕಿಬಿಡುತ್ತಿತ್ತಪ್ಪಾ,” ಎಂದರು ಗುರುಗಳು.